ಆಲೂರಿನ ಹತ್ತಿ ಹೊಲದಿಂದ ರಾಯದುರ್ಗದ ಜೀನ್ಸ್ ತನಕ: ಇಬ್ಬರು ಹುಡುಗ್ರು, ನಮ್ಮವ್ವ, ನಾಲ್ಕು ದಿನ

ಈ ಟ್ರಿಪ್ಪಿಗೆ ಕಾರಣ ಒಂದು ಸ್ವೆಟರು. ನನ್ನ ತಮ್ಮನ ಮಗ ಚಿನ್ನು, ಎರಡನೇ ಕ್ಲಾಸು, ನಮ್ಮವ್ವ ವರ್ಷಗಟ್ಲೆ ಟ್ರಂಕಲ್ಲಿ ಜೋಪಾನ ಮಾಡಿದ್ದ ಕೈಹೆಣಿಗೆ ಸ್ವೆಟರ್ ಹಾಕ್ಕೊಂಡಿದ್ದ, ಅದರ ತೋಳಲ್ಲಿ ಒಂದು ಎಳೆ ಹೊರಗೆ ಬಂದಿತ್ತಂತೆ, ಎಳೀತಾ ಕೂತ, ಎಳೀತಾ ಎಳೀತಾ ಅರ್ಧ ತೋಳೇ ಮಾಯ, ತೊಡೆ ಮೇಲೆ ಉಲ್ಲನ್ ಗುಡ್ಡೆ. ಬೈಗುಳ ಆಯ್ತು, ಅಳು ಆಯ್ತು. ಮಾರನೇ ದಿನ ನೋಡ್ತೀನಿ, ಸಾಹೇಬ್ರು ಯೂನಿಫಾರ್ಮ್ ಶರ್ಟಿನ ತುದಿ ಹಿಡ್ಕೊಂಡು ಅದೇ ಪ್ರಯೋಗ ಶುರು ಮಾಡಿದಾರೆ. ಇಲ್ಲಿ ಮಾತ್ರ ಆಟ ನಡೀಲಿಲ್ಲ, ಎಳೆದ್ರೆ ಒಂದು ಗೇಣು ದಾರ ಬಂದು ಪಟ್ ಅಂತಿತ್ತು ಅಷ್ಟೇ.

"ಅತ್ತೆ, ಸ್ವೆಟರ್ ಪೂರ್ತಿ ಬಿಚ್ಕೊಂತು, ಶರ್ಟ್ ಯಾಕ್ ಬಿಚ್ಕೊಳಲ್ಲ? ಗಮ್ ಹಚ್ಚಿರ್ತಾರಾ?"

ನನ್ನ ಮಗಳು ಪುಟ್ಟಿ ಐದನೇ ಕ್ಲಾಸು, ದೊಡ್ಡೋಳು ಅನ್ನೋ ಗತ್ತು ಬೇರೆ, "ಹೊಲಿದಿರ್ತಾರೆ ಕಣೋ ದಡ್ಡ" ಅಂದ್ಲು. ಅವನು ಬಿಡ್ತಾನಾ, "ಹೊಲಿಯೋದು ಬಟ್ಟೇನ. ಬಟ್ಟೆ ಹೆಂಗಾಯ್ತು ಹೇಳು" ಅಂದ. ಅವಳು ನನ್ನ ಮುಖ ನೋಡಿದ್ಲು, ನಾನು ನಮ್ಮವ್ವನ ಮುಖ ನೋಡ್ದೆ. ನಾವಿರೋದು ರಾಯದುರ್ಗದಲ್ಲಿ, ಬೀದಿಗೆ ನಾಲ್ಕು ಮನೇಲಿ ಜೀನ್ಸ್ ಹೊಲಿಯೋ ಮಿಷಿನ್ ಸದ್ದು, ನನ್ನ ಸೋದರಮಾವಂದು ಆಲೂರು ಕಡೆ ಹತ್ತಿ ಹೊಲ, ಅಷ್ಟಿದ್ರೂ ಹತ್ತಿಗೂ ಪ್ಯಾಂಟಿಗೂ ನಡುವೆ ಏನಾಗುತ್ತೆ ಅಂತ ಒಂದು ಮಗುಗೆ ನೆಟ್ಟಗೆ ಹೇಳಕ್ಕೆ ಬರಲಿಲ್ಲ ನಂಗೆ. ಸಂಕ್ರಾಂತಿ ರಜೆಗೆ ಹೊರಟೇ ಬಿಟ್ವಿ. ನಮ್ಮವ್ವನೂ ಬಂದ್ಲು, ಒಂದು ಕಂಡೀಷನ್ ಮೇಲೆ: ಅಷ್ಟು ದೂರ ಹೋಗಿ ಮಂತ್ರಾಲಯಕ್ಕೆ ಹೋಗದೆ ವಾಪಸ್ ಬರಂಗಿಲ್ಲ.

ಮೊದಲನೇ ದಿನ: ರಾಯದುರ್ಗ, ಗುಂತಕಲ್, ಆಲೂರು

ಬೆಳಿಗ್ಗೆ ಪಲ್ಲೆವೆಲುಗು ಬಸ್ಸು, ಅಂದ್ರೆ ಆಂಧ್ರದ ಹಳ್ಳಿ ಬಸ್ಸು. ಆಂಧ್ರದಲ್ಲಿ 2025ರ ಆಗಸ್ಟಿಂದ ಹೆಂಗಸರಿಗೆ ಬಸ್ ಫ್ರೀ ಅಲ್ವಾ, ಹಂಗಾಗಿ ನಂಗೆ, ಅವ್ವಂಗೆ, ಪುಟ್ಟಿಗೆ ಜೀರೋ ಟಿಕೆಟ್, ಚಿನ್ನುಗೆ ಮಾತ್ರ ಹಾಫ್ ಟಿಕೆಟ್ ದುಡ್ಡು. ಅವನಿಗೆ ಅದೇ ದೊಡ್ಡ ಹೆಮ್ಮೆ, ನಾನೊಬ್ನೇ ದುಡ್ಡು ಕೊಟ್ಟು ಬಂದೋನು ಅಂತ ಗುಂತಕಲ್ ತನಕ ಹೇಳಿದ್ದೇ ಹೇಳಿದ್ದು. ಗುಂತಕಲ್‌ನಲ್ಲಿ ಉಗ್ಗಾಣಿ, ಮಿರ್ಚಿ ತಿಂದು ಇನ್ನೊಂದು ಬಸ್ ಹತ್ತಿದ್ವಿ.

ಈ ಕಡೆ ಬರದೇ ಇರೋರಿಗೆ ಒಂದು ಮಾತು. ಆಲೂರು, ಆದೋನಿ, ರಾಯದುರ್ಗ ಈ ಮೂರೂ ಮೊದಲು ಬಳ್ಳಾರಿ ಜಿಲ್ಲೆ ತಾಲೂಕುಗಳು, 1953ರಲ್ಲಿ ಆಂಧ್ರ ರಾಜ್ಯ ಆದಾಗ ಆ ಕಡೆ ಹೋದ್ವು, ಬಳ್ಳಾರಿ ಮೈಸೂರಿಗೆ ಬಂತು. ಗಡಿ ಬದಲಾದ್ರೂ ಮನೆ ಮಾತು ಹಂಗೇ ಉಳೀತು, ನಮ್ಮ ಮಾವನ ಊರಲ್ಲಿ ಎತ್ತಿಗೆ ಕನ್ನಡ, ಆಫೀಸಿಗೆ ತೆಲುಗು.

ಮಾವನ ಹೊಲ ಎರೆ ಭೂಮಿ. ಜನವರಿ ಅಂದ್ರೆ ಹತ್ತಿದು ಕೊನೇ ಬಿಡಿಸೋದು, ಗಿಡ ಅರ್ಧ ಒಣಗಿರ್ತವೆ, ಹೊಲದ ತುಂಬಾ ಬೆಳ್ಳಿ ಚುಕ್ಕಿ ಚೆಲ್ಲಿದಂಗೆ. ಎಲ್ಲೋ ತಡವಾಗಿ ಚಿಗುರಿದ ಗಿಡದಲ್ಲಿ ಮೂರ್ನಾಲ್ಕು ಹೂವು ಇದ್ವು, ಒಂದೇ ಗಿಡದಲ್ಲಿ ಒಂದು ಕೆನೆ ಬಣ್ಣ, ಒಂದು ಗುಲಾಬಿ. ಪುಟ್ಟಿ ಎರಡು ಜಾತಿ ಅಂದ್ಕೊಂಡ್ಲು. ಅದೇ ಹೂವು ಕಣವ್ವ, ಅರಳಿದ ದಿನ ಬಿಳಿ, ಮಾರನೇ ದಿನ ಗುಲಾಬಿ ಆಗಿ ಬಾಡುತ್ತೆ ಅಂತ ಮಾವ ಹೇಳಿದ್ರು. ಆಮೇಲೆ ಕಾಯಿ ಕಟ್ಟುತ್ತೆ, ಕಾಯಿ ಒಡೆಯಕ್ಕೆ ಹೆಚ್ಚುಕಮ್ಮಿ 50 ದಿನ.

ಒಡೆಯದ ಒಂದು ಹಸಿರು ಕಾಯಿನ ಮಾವ ಕುಡುಗೋಲಲ್ಲಿ ಸೀಳಿ ತೋರಿಸಿದ್ರು. ಒಳಗೆ ತೊಳೆ ತೊಳೆ, ಒದ್ದೆ ಹತ್ತಿ, ಎಳೇ ತಾಟಿನುಂಗಿನ ಥರ. ಆವತ್ತೇ ನಂಗೂ ಸರಿಯಾಗಿ ಅರ್ಥ ಆಗಿದ್ದು, ಹತ್ತಿ ಅಂದ್ರೆ ಹೂವಲ್ಲ, ಹಣ್ಣಲ್ಲ, ಬೀಜದ ಮೈಮೇಲಿನ ಕೂದಲು. ಒಂದೊಂದು ಬೀಜಕ್ಕೆ ಸಾವಿರಾರು ಕೂದಲು, ಒಂದೊಂದು ಕೂದಲೂ ಒಂದೇ ಒಂದು ಜೀವಕೋಶ, ಅದೇ ಉದ್ದುದ್ದ ಬೆಳೆದು ಇಂಚಿನಷ್ಟಾಗುತ್ತೆ. ದಪ್ಪದಲ್ಲಿ ನಮ್ಮ ತಲೆಕೂದಲಿಗಿಂತ ನಾಲ್ಕೈದು ಪಟ್ಟು ಸಣ್ಣ. ಕಾಯಿ ಒಳಗಿರೋ ತನಕ ದುಂಡಗೆ ನೀರು ತುಂಬಿದ ಪೈಪ್ ಥರ ಇರುತ್ತೆ, ಕಾಯಿ ಒಡೆದು ಬಿಸಿಲು ಬಿದ್ದ ತಕ್ಷಣ ನೀರಾರಿ ಚಪ್ಪಟೆ ಆಗಿ ತನ್ನಷ್ಟಕ್ಕೆ ತಾನೇ ತಿರುಚಿಕೊಳ್ಳುತ್ತೆ, ರಿಬ್ಬನ್ ತುದಿ ಹಿಡಿದು ತಿರುಗಿಸಿದಂಗೆ. ಈ ತಿರುಚು ಇದ್ಯಲ್ಲ, ಇದೇ ಮುಂದೆ ಎಲ್ಲಾ ಕಡೆ ಬರುತ್ತೆ, ನೆನಪಿಟ್ಕೊಳ್ಳಿ.

ಯಾಕಂದ್ರೆ ಹೊಲದ ಬದುವಲ್ಲಿ ಎಕ್ಕದ ಗಿಡ ಇತ್ತು, ಅದರ ಕಾಯೂ ಒಡೆದಿತ್ತು, ಅದರಲ್ಲೂ ಬೀಜಕ್ಕೆ ಕೂದಲು, ಹತ್ತಿಗಿಂತ ಹೊಳಪು, ಕೈಗೆ ರೇಷ್ಮೆ ಥರ. "ಇದ್ರಲ್ಲೇ ಬಟ್ಟೆ ಮಾಡ್ಬಹುದಲ್ಲ ತಾತ" ಅಂದ ಚಿನ್ನು. ಮಾಡಕ್ಕೆ ಆಗಲ್ಲ, ಜಾರುತ್ತೆ ಅಂದ್ರು ಮಾವ. ಅಷ್ಟೇ ಉತ್ತರ, ಆದ್ರೆ ಪೂರ್ತಿ ಉತ್ತರ. ಎಕ್ಕದ್ದು, ಬೂರುಗದ್ದು, ನಾರು ನೆಟ್ಟಗೆ ನುಣ್ಣಗೆ ಇರ್ತವೆ, ಒಂದಕ್ಕೊಂದು ಹಿಡ್ಕೊಳ್ಳಲ್ಲ, ಅದಕ್ಕೇ ಬೂರುಗದ ಹತ್ತಿ ದಿಂಬಿಗೆ ಹೋಗುತ್ತೆ ಹೊರತು ಮಗ್ಗಕ್ಕೆ ಬರಲ್ಲ. ಹತ್ತಿ ನಾರು ತಿರುಚಿರೋದ್ರಿಂದ ಪಕ್ಕದ್ದನ್ನ ಕಚ್ಕೊಳ್ಳುತ್ತೆ.

ಬಿಡಿಸೋ ಹೆಂಗಸರು ಇಬ್ಬನಿ ಆರಿದ ಮೇಲೆ ಇಳೀತಾರೆ, ಸೊಂಟಕ್ಕೆ ಸೀರೆ ಮಡಿಸಿ ಉಡಿ ಕಟ್ಕೊಂಡು ಎರಡೂ ಕೈಯಲ್ಲಿ ಬಿಡಿಸ್ತಾರೆ. ನೋಡಕ್ಕೆ ಹೂ ಕೀಳಿದಂಗೆ, ನಾವು ಇಳಿದ್ಮೇಲೆ ಗೊತ್ತಾಯ್ತು, ಒಣಗಿದ ತೊಟ್ಟು ಮುಳ್ಳಿನಂಗೆ ಬೆರಳು ಗೀರುತ್ತೆ. ಅರ್ಧ ಗಂಟೇಲಿ ಪುಟ್ಟಿ ಬೆರಳಲ್ಲಿ ರಕ್ತ, ನಾವು ಮೂವರು ಸೇರಿ ಬಿಡಿಸಿದ್ದು ಒಂದು ಸಣ್ಣ ಚೀಲ. ಪಕ್ಕದ ಸಾಲಿನ ಅಕ್ಕ ನಮ್ಮ ಚೀಲ ನೋಡಿ ನಕ್ಕು, "ಇದ್ರಾಗ ನಿಮ್ಮ ಹುಡುಗಂದು ಒಂದು ಚಡ್ಡಿನೂ ಆಗಂಗಿಲ್ಲ" ಅಂದ್ಲು.

ರಾತ್ರಿ ರೊಟ್ಟಿ, ಶೇಂಗಾ ಚಟ್ನಿ ಆದ್ಮೇಲೆ ಕಟ್ಟೆ ಮೇಲೆ ಕೂತು ಅದೇ ಹತ್ತಿ ಬೀಜ ಬಿಡಿಸಿ ದಾರ ಮಾಡಕ್ಕೆ ಕೂತ್ವಿ. ಚಿನ್ನು ಎಳೀತಾನೆ, ಕಿತ್ತು ಬರುತ್ತೆ. ಪುಟ್ಟಿ ನೀರು ಹಚ್ಚಿ ಎಳೀತಾಳೆ, ಕಿತ್ತು ಬರುತ್ತೆ. ನಮ್ಮವ್ವ ಇಷ್ಟೊತ್ತು ಸುಮ್ನಿದ್ದೋಳು, "ಇತ್ಲಾಗೆ ಕೊಡ್ರಿ" ಅಂತ ಇಸ್ಕೊಂಡು, ಅರಳೇನ ಬೆರಳಲ್ಲಿ ಹಿಂಜಿ ಹಿಂಜಿ ಉದ್ದ ಮಾಡಿ, ಮಂಡಿ ಮೇಲೆ ಇಟ್ಟು ಅಂಗೈಯಲ್ಲಿ ಒಂದು ಸಲ ಹೊಸೆದ್ಲು. ಬತ್ತಿ. ದಿನಾ ದೇವರಿಗೆ ಹಚ್ಚೋ ಬತ್ತಿ. ಚಿನ್ನು ಎಳೆದ, ಬರಲಿಲ್ಲ. ಜೋರಾಗಿ ಎಳೆದ, ಬರಲಿಲ್ಲ. "ಏನ್ ಹಚ್ಚಿದೆ ಅಜ್ಜಿ?" "ಏನೂ ಹಚ್ಚಿಲ್ಲೋ, ಹುರಿ ಮಾಡಿದೀನಿ."

ಐವತ್ತು ವರ್ಷದಿಂದ ಅವಳು ಹೊಸೆಯೋದನ್ನ ನೋಡ್ತಾ ಇದ್ರೂ ಅದೇ ನೂಲೋದರ ಮೊದಲ ಪಾಠ ಅಂತ ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ.

ಎರಡನೇ ದಿನ: ಆದೋನಿ

ಹಳಬರು ಆದವಾನಿ ಅಂತಾರೆ. ಬೆಳಿಗ್ಗೆ ಮಾವನ ಜೊತೆ ಹತ್ತಿ ಮಾರ್ಕೆಟ್‌ಗೆ ಹೋದ್ವಿ. ಸುತ್ತಮುತ್ತ ಎಷ್ಟೋ ಊರಿಂದ ಟ್ರ್ಯಾಕ್ಟರ್, ಟಾಟಾ ಏಸ್, ಎತ್ತಿನ ಗಾಡಿ, ಎಲ್ಲಾ ಬಂದು ಹತ್ತಿ ಸುರಿದಿರ್ತವೆ, ನಡುವೆ ವ್ಯಾಪಾರಿಗಳು ಓಡಾಡ್ಕೊಂಡು ಒಂದು ಹಿಡಿ ಎತ್ತಿ ಎರಡು ಕೈ ಬೆರಳಲ್ಲಿ ಹಿಡಿದು ಎಳೆದು ಎಳೆದು ನಾರಿನ ಉದ್ದ ನೋಡ್ತಾರೆ. ಸ್ಕೇಲ್ ಇಲ್ಲ ಏನಿಲ್ಲ. ಉದ್ದ ನಾರಾದ್ರೆ ಸಣ್ಣ ನೂಲು ಬರುತ್ತೆ, ರೇಟು ಜಾಸ್ತಿ. ಗಿಡ್ಡ ನಾರು ದಪ್ಪ ನೂಲಿಗೆ, ಜಮಖಾನೆಗೆ. ಆಮೇಲೆ ಹಸಿ ಎಷ್ಟಿದೆ ನೋಡ್ತಾರೆ. ಮಾವನ ಹತ್ತಿಗೆ ಹಸಿ ಜಾಸ್ತಿ ಅಂತ ರೇಟು ಇಳಿಸಿದ್ರು, ಮಾವ ನಾಲ್ಕು ದಿನ ಬಿಸಿಲಿಗೆ ಹಾಕಿದೀನಿ ಅಂತ ಜಗಳ ಆಡಿದ್ರು, ರೇಟು ಏನೂ ಏರಲಿಲ್ಲ. ಮಕ್ಕಳ ಮುಂದೆ ಮಾವ ಸಪ್ಪಗಾಗಿದ್ದು ನೋಡಿ ನಂಗೇ ಬೇಜಾರಾಯ್ತು, ಈ ಭಾಗ ಇಷ್ಟೇ ಸಾಕು.

ಜಿನ್ನಿಂಗ್ ಫ್ಯಾಕ್ಟರಿ ಮಾವನ ಪರಿಚಯದೋರ್ದು, ಒಳಗೆ ಬಿಟ್ರು. ಹತ್ತಿಗೂ ಬೀಜಕ್ಕೂ ಡೈವೋರ್ಸ್ ಮಾಡ್ಸೋ ಜಾಗ. ಚರ್ಮ ಸುತ್ತಿದ ರೋಲರ್ ತಿರುಗ್ತಾ ನಾರನ್ನ ಹಿಡಿದು ಎಳ್ಕೊಂಡು ಹೋಗುತ್ತೆ, ರೋಲರಿಗೆ ಅಂಟಿದಂಗೆ ಒಂದು ಪಟ್ಟಿ ಇರುತ್ತೆ, ಆ ಸಂದಿಯಲ್ಲಿ ನಾರು ನುಗ್ಗುತ್ತೆ, ಬೀಜಕ್ಕೆ ನುಗ್ಗಕ್ಕೆ ಆಗಲ್ಲ, ಇನ್ನೊಂದು ಪಟ್ಟಿ ಮೇಲೆ ಕೆಳಗೆ ಬಡೀತಾ ಬೀಜಾನ ಉದುರಿಸುತ್ತೆ. ಬಾಗಿಲ ಸಂದಿಯಲ್ಲಿ ಸೀರೆ ಸೆರಗು ಹೋಗುತ್ತೆ, ಸೀರೆ ಉಟ್ಟೋರು ಹೋಗಕ್ಕಾಗಲ್ಲ, ಹಂಗೆ. ಚಿನ್ನುಗೆ ಈ ಹೋಲಿಕೆ ಕೊಟ್ಟಿದ್ದೇ ತಪ್ಪಾಯ್ತು, ಇಡೀ ದಿನ ಅಜ್ಜಿ ಸೆರಗು ಬಾಗಿಲಿಗೆ ಸಿಕ್ಸಿ ಸಿಕ್ಸಿ ನೋಡಿದ.

ಒಂದು ಕ್ವಿಂಟಾಲ್ ಹತ್ತಿ ಹಾಕಿದ್ರೆ ಅರಳೆ ಬರೋದು ಮೂರನೇ ಒಂದು ಭಾಗ, 34 ಕೆಜಿ ಆಸುಪಾಸು, ಉಳಿದಿದ್ದು ಹತ್ತಿಕಾಳು, ಅದರಿಂದ ಎಣ್ಣೆ, ಎಣ್ಣೆ ತೆಗೆದ ಹಿಂಡಿ ಎಮ್ಮೆಗೆ. "ಹಂಗಾದ್ರೆ ನಾವು ಕುಡಿಯೋ ಹಾಲಲ್ಲೂ ಶರ್ಟಿನ ಬೀಜ ಐತೆ" ಅಂತ ಪುಟ್ಟಿ ತೀರ್ಮಾನ ಕೊಟ್ಲು. ಅರಳೇನ ಪ್ರೆಸ್ಸಲ್ಲಿ ಒತ್ತಿ ಬೇಲ್ ಮಾಡ್ತಾರೆ, ಒಂದು ಬೇಲ್ 170 ಕೆಜಿ, ಪಟ್ಟಿ ಬಿಗಿದು ಕಟ್ತಾರೆ, ತಟ್ಟಿದ್ರೆ ಮರದ ಥರ ಸದ್ದು. ಮೋಡದಂಗೆ ಇದ್ದಿದ್ದು ಹಿಂಗಾಯ್ತಾ ಅನ್ಸುತ್ತೆ.

ಮಧ್ಯಾಹ್ನ ಸ್ಪಿನ್ನಿಂಗ್ ಮಿಲ್. ಒಂದು ಮಿಲ್ಲಲ್ಲಿ ಗೇಟಲ್ಲೇ ನಿಲ್ಲಿಸಿ ಮುಕ್ಕಾಲು ಗಂಟೆ ಬಿಸಿಲಲ್ಲಿ ಕಾಯ್ಸಿ ಆಮೇಲೆ ಮಕ್ಕಳಿಗೆ ಪ್ರವೇಶ ಇಲ್ಲ ಅಂದ್ರು, ಮೊದಲೇ ಹೇಳಿದ್ರೆ ಏನು ಹೋಗ್ತಿತ್ತೋ. ಇನ್ನೊಂದ್ರಲ್ಲಿ ಸೂಪರ್‌ವೈಸರ್ ಒಬ್ರು ಕನ್ನಡದೋರು, ಕಿವಿಗೆ ಹತ್ತಿ ತುಂಬ್ಕೊಳ್ಳಿ, ಜಡೆ ಕಟ್ಕೊಳ್ಳಿ, ಕೈ ಕಟ್ಕೊಂಡೇ ನಡೀರಿ ಅಂತ ಮೂರು ಷರತ್ತು ಹಾಕಿ ಕರ್ಕೊಂಡೋದ್ರು. ಕಿವಿಗೆ ಹತ್ತಿ ಹುಡುಕೋ ಕಷ್ಟ ಮಾತ್ರ ಇರಲಿಲ್ಲ.

ಒಳಗೆ ಆಗೋದಿಷ್ಟು. ಮೊದಲು ಬೇಲ್ ಒಡೆದು ಗಾಳೀಲಿ ಹಾರಿಸಿ ಕಸ, ಎಲೆಚೂರು ತೆಗೀತಾರೆ. ಆಮೇಲೆ ಕಾರ್ಡಿಂಗ್, ಸೂಜಿ ಥರ ಲಕ್ಷಾಂತರ ಹಲ್ಲಿರೋ ದೊಡ್ಡ ಡ್ರಮ್ಮು, ಅದು ಹತ್ತೀನ ಬಾಚುತ್ತೆ. ಅಮ್ಮಂದಿರು ಜಡೆ ಹಾಕೋಕೆ ಮುಂಚೆ ಬಾಚೋದು ಯಾಕೆ, ಸಿಕ್ಕು ಬಿಡಿಸಿ ಎಲ್ಲಾ ಕೂದಲು ಒಂದೇ ದಿಕ್ಕಿಗೆ ಬರ್ಲಿ ಅಂತ ತಾನೆ, ಅದೇ ಕೆಲಸ. ಅಲ್ಲಿಂದ ಜೇಡರಬಲೆ ಥರ ತೆಳ್ಳಗೆ ಹೊರಗೆ ಬಂದು ಹೆಬ್ಬೆರಳು ದಪ್ಪದ ಮೆತ್ತನೆ ಹಗ್ಗ ಆಗಿ ಡಬ್ಬದೊಳಗೆ ಸುರುಳಿ ಸುರುಳಿ ಬೀಳುತ್ತೆ. ರಾಟೇಲಿ ನೂಲೋರು ಇದನ್ನೇ ಹಂಜಿ ಅಂತ ಕೈಯಲ್ಲಿ ಮಾಡ್ಕೊಳ್ತಿದ್ರು. ಇದಕ್ಕೆ ಇನ್ನೂ ಹುರಿ ಇಲ್ಲ, ಎಳೆದ್ರೆ ಕಿತ್ತು ಬರುತ್ತೆ, ನಿನ್ನೆ ರಾತ್ರಿ ಚಿನ್ನು ಎಳೆದಂಗೆ.

ಮುಂದಿನ ಮಿಷಿನ್ನಲ್ಲಿ ಇಂಥ ಆರೋ ಎಂಟೋ ಹಂಜಿ ಒಟ್ಟಿಗೆ ಸೇರಿಸಿ ಅಷ್ಟೇ ಪಟ್ಟು ಎಳೀತಾರೆ. ಸೇರಿಸೋದ್ಯಾಕೆ ಮತ್ತೆ ಎಳೆಯೋದ್ಯಾಕೆ ಅಂತ ಪುಟ್ಟಿ ಕೇಳಿದ್ಲು, ಒಳ್ಳೆ ಪ್ರಶ್ನೆ, ಸೂಪರ್‌ವೈಸರ್ ಖುಷಿಯಾದ್ರು. ಒಂದು ಹಂಜೀಲಿ ಒಂದು ಕಡೆ ದಪ್ಪ ಒಂದು ಕಡೆ ತೆಳು ಇರುತ್ತಮ್ಮ, ಎಂಟು ಸೇರಿದ್ರೆ ಒಂದರ ತೆಳು ಜಾಗಕ್ಕೆ ಇನ್ನೊಂದರ ದಪ್ಪ ಬಂದು ಸಮ ಆಗುತ್ತೆ ಅಂದ್ರು.

ಕೊನೇಗೆ ರಿಂಗ್ ಫ್ರೇಮ್. ಉದ್ದಕ್ಕೆ ಸಾಲು ಸಾಲು ಕದಿರು, ಅಂದ್ರೆ ನೂಲು ಸುತ್ಕೊಳ್ಳೋ ಕಡ್ಡಿ, ಕಣ್ಣಿಗೆ ತಿರುಗ್ತಿರೋದೇ ಕಾಣಲ್ಲ ಅಷ್ಟು ಸ್ಪೀಡು, ನಿಮಿಷಕ್ಕೆ 18 ಸಾವಿರ ಸುತ್ತಂತೆ. ಮೇಲಿಂದ ರೋಲರ್‌ಗಳು ಹಂಜೀನ ಎಳೆದೆಳೆದು ಸಣ್ಣ ಮಾಡಿ ಬಿಡ್ತವೆ, ಕೆಳಗಿಂದ ಕದಿರು ಹುರಿ ಹಾಕ್ತಾ ಸುತ್ಕೊಳ್ಳುತ್ತೆ. ಅಲ್ಲಿ ನೂಲ್ತಾ ಇದ್ದಿದ್ದು 40 ನಂಬರ್ ನೂಲು, ಅದಕ್ಕೆ ಒಂದು ಇಂಚಿಗೆ ಸುಮಾರು 25 ಸುತ್ತು ಹುರಿ. 18 ಸಾವಿರಾನ 25ರಿಂದ ಭಾಗಿಸಿ ಅಂತ ಪುಟ್ಟಿಗೆ ಅಲ್ಲೇ ಲೆಕ್ಕ ಕೊಟ್ರು, ಸದ್ದಲ್ಲಿ ಬೆರಳಲ್ಲಿ ಎಣಿಸಿ 720 ಅಂದ್ಲು. 720 ಇಂಚು ಅಂದ್ರೆ 18 ಮೀಟರ್. ಇಷ್ಟು ಅಬ್ಬರಕ್ಕೆ ಒಂದು ಕದಿರು ನಿಮಿಷಕ್ಕೆ ಕೊಡೋದು 18 ಮೀಟರ್ ದಾರ ಅಷ್ಟೇ, ಅದಕ್ಕೇ ಸಾವಿರಾರು ಕದಿರು ಬೇಕು.

ನಂಬರ್ ಲೆಕ್ಕ ಉಲ್ಟಾ, ಹೆಚ್ಚಾದಷ್ಟೂ ದಾರ ಸಣ್ಣ. ಒಂದು ಪೌಂಡ್ ತೂಕಕ್ಕೆ 840 ಗಜದ ಲಡಿ (ನೂಲಿನ ಸುರುಳಿ) ಎಷ್ಟು ಬರುತ್ತೋ ಅದೇ ನಂಬರು. 40 ನಂಬರಿಂದು ಒಂದು ಕೆಜಿ ತಗೊಂಡು ಬಿಚ್ಚಿದ್ರೆ 67 ಕಿಲೋಮೀಟರ್ ದಾಟುತ್ತೆ. 200 ಗ್ರಾಂ ತೂಗೋ ಒಂದು ಶರ್ಟಲ್ಲಿ 13 ಕಿಲೋಮೀಟರ್ ದಾರ ಇರುತ್ತೆ ಅಂದ್ರೆ ನಂಬಕ್ಕಾಗುತ್ತಾ? ಚಿನ್ನು ತನ್ನ ಶರ್ಟ್ ಎತ್ತಿ ನೋಡ್ಕೊಂಡ. ಅದೂ ಇಂಚುದ್ದದ ನಾರಿಂದ. ಆ ನೂಲನ್ನ ಅಡ್ಡಕ್ಕೆ ಕತ್ತರಿಸಿದ್ರೆ ಒಳಗೆ ನೂರರ ಹತ್ತಿರ ನಾರು, ಒಂದು ಮುಗಿಯೋ ಕಡೆ ಇನ್ನೊಂದು ಶುರು, ಯಾವುದಕ್ಕೂ ಗಂಟಿಲ್ಲ, ಅಂಟಿಲ್ಲ. ಎಳೆದಷ್ಟೂ ಹುರಿ ಬಿಗಿಯಾಗಿ ಒಂದನ್ನೊಂದು ಅದುಮಿ ಹಿಡ್ಕೊಳ್ಳುತ್ತೆ.

ಮೇಲಿಂದ ಮಂಜಿನ ಥರ ನೀರು ಸಿಂಪಡಿಸ್ತಿದ್ರು. ಗಾಳಿ ಒಣಗಿದ್ರೆ ದಾರ ಪಟಪಟ ತುಂಡಾಗುತ್ತಂತೆ. ಹೊರಗೆ ಬಂದಾಗ ನಾಲ್ಕೂ ಜನದ ಹುಬ್ಬು ಬಿಳಿ. ದಿನಾ ಎಂಟು ಗಂಟೆ ಅಲ್ಲಿರೋ ಹುಡುಗೀರು ಮುಖಕ್ಕೆ ಬಟ್ಟೆ ಕಟ್ಕೊಂಡು ಸಾಲುಗಳ ನಡುವೆ ನಡೀತಾನೇ ಇರ್ತಾರೆ, ತುಂಡಾದ ಎಳೆ ಕಂಡಲ್ಲಿ ಒಂದು ಕ್ಷಣದಲ್ಲಿ ಕೂಡಿಸಿ ಮುಂದೆ. ಒಬ್ಬಳು ಚಿನ್ನುಗೆ ನಿಧಾನಕ್ಕೆ ಮಾಡಿ ತೋರಿಸಿದ್ಲು. ಅವಳಿಗೆ ನಿಧಾನ, ನಮಗೆ ಏನೂ ಕಾಣಲಿಲ್ಲ.

ಮೂರನೇ ದಿನ: ಎಮ್ಮಿಗನೂರು, ಸಂಜೆ ಮಂತ್ರಾಲಯ

ಆದೋನಿಯಿಂದ ಎಮ್ಮಿಗನೂರು ಬಸ್ಸಲ್ಲಿ ಒಂದು ನಿದ್ದೆಯಷ್ಟು ದೂರ. ಇದು ನೇಕಾರರ ಊರು. ಮಾಚಾನಿ ಸೋಮಪ್ಪ ಅನ್ನೋರು 1938ರಲ್ಲಿ ಇಲ್ಲಿ ನೇಕಾರರ ಸೊಸೈಟಿ ಕಟ್ಟಿದ್ರು, 1954ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈಗ ಮಗ್ಗ ಕಮ್ಮಿ ಆಗಿದಾವೆ, ಆದ್ರೂ ಕೆಲವು ಓಣೀಲಿ ಹೋದ್ರೆ ಟಕ್ ಟಕಾ ಟಕ್ ಕೇಳುತ್ತೆ. ಅತ್ತಿಗೆಯೋರ ಕಡೆ ನೆಂಟರ ಪಕ್ಕದ ಮನೆ, ಗಂಡ ಹೆಂಡತಿ ಇಬ್ಬರೂ ಅರವತ್ತು ದಾಟಿದೋರು, ನಮ್ಮನ್ನ ಮಗ್ಗದ ಮನೇಲೇ ಕೂರಿಸಿದ್ರು.

ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ ಅದರೊಳಗೆ ಕಾಲಿಳಿಬಿಟ್ಟು ಕೂತ್ಕೋತಾರೆ, ಕಾಲ್ಮಣೆ ಕುಣಿಯೊಳಗೆ. ಹಾಸಿನ ದಾರ ನೆಲಕ್ಕೆ ಹತ್ತಿರ ಇರೋದ್ರಿಂದ ನೆಲದ ತಂಪು ಸಿಗುತ್ತೆ ಅಂದ್ರು ಅಜ್ಜ. ಮಿಲ್ಲಲ್ಲಿ ಮೇಲಿಂದ ಸಿಂಪಡಿಸೋ ನೀರು, ಇಲ್ಲಿ ಕೆಳಗಿಂದ. ಚಿನ್ನುಗೆ ಕುಣಿ ಕಂಡಿದ್ದೇ ತಡ ಇಳಿದು ಕೂತ್ಬಿಟ್ಟ.

ಹಾಸು ಹೊಕ್ಕು ಅಂತ ದಿನಾ ಮಾತಲ್ಲಿ ಬಳಸ್ತೀವಿ, ಅವತ್ತೇ ಕಣ್ಣಲ್ಲಿ ನೋಡಿದ್ದು. ಉದ್ದಕ್ಕೆ ಬಿಗಿದು ಹಾಸಿರೋದು ಹಾಸು. ಅಡ್ಡಕ್ಕೆ ಹೊಕ್ಕೋದು ಹೊಕ್ಕು. ಹಾಸಿನ ದಾರಕ್ಕೆ ಮೊದಲು ಗಂಜಿ ಕುಡಿಸ್ತಾರೆ, ಇಲ್ಲಾಂದ್ರೆ ಮಗ್ಗದ ತಿಕ್ಕಾಟಕ್ಕೆ ಎಳೆ ಸವೆದು ತುಂಡಾಗುತ್ತೆ. "ನೋಡು, ಗಮ್ ಐತಲ್ಲ!" ಅಂತ ಚಿನ್ನು ಕುಣಿಯಿಂದಲೇ ಕೂಗಿದ. ಒಂದು ಸಲ ಒಗೆದ್ರೆ ಹೋಗುತ್ತಪ್ಪ ಅದು, ಹೋದ್ಮೇಲೂ ಬಟ್ಟೆ ಬಟ್ಟೆಯಾಗೇ ಇರುತ್ತಲ್ಲ ಅಂದ್ರು ಅಜ್ಜ. ಗಮ್ ಥಿಯರಿ ಅಲ್ಲಿಗೆ ಸತ್ತೋಯ್ತು.

ಕಾಲ್ಮಣೆ ಒತ್ತಿದ್ರೆ ಹಾಸಿನ ಎಳೆಗಳಲ್ಲಿ ಒಂದು ಬಿಟ್ಟು ಒಂದು ಮೇಲೇಳುತ್ತೆ, ಉಳಿದವು ಕೆಳಗೆ, ನಡುವೆ ಗುಹೆ ಥರ ದಾರಿ. ಆ ದಾರೀಲಿ ಲಾಳಿ ಓಡುತ್ತೆ, ಹೊಟ್ಟೇಲಿ ದಾರದ ಕಂಡಿಕೆ ಇಟ್ಕೊಂಡು. ಹಲಗೇಲಿ ಬಡಿದು ಬಿಗಿ ಮಾಡ್ತಾರೆ. ಇನ್ನೊಂದು ಕಾಲ್ಮಣೆ ಒತ್ತು, ಮೇಲಿದ್ದಿದ್ದು ಕೆಳಗೆ, ಕೆಳಗಿದ್ದಿದ್ದು ಮೇಲೆ, ಲಾಳಿ ವಾಪಸ್. ಟಕ್ ಟಕಾ ಟಕ್. ಈಚಲು ಚಾಪೆ ಹೆಣೆಯೋದು ನೋಡಿದ್ರೆ ಇದು ಗೊತ್ತಿರೋದೇ, ಒಂದರ ಮೇಲೆ ಒಂದರ ಕೆಳಗೆ. ಲಾಳೀನ ಮೊದಲೆಲ್ಲ ಈ ಕೈಯಿಂದ ಆ ಕೈಗೆ ಎಸೀತಿದ್ರು, ಕೈ ಚಾಚೋಷ್ಟೇ ಬಟ್ಟೆ ಅಗಲ. ಈಗ ಹಗ್ಗ ಜಗ್ಗಿದ್ರೆ ತಾನೇ ಓಡುತ್ತೆ, 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಅನ್ನೋನು ಮಾಡಿದ ಐಡಿಯಾ. ನೇಯೋದು ಜೋರಾಗಿ ನೂಲೋರು ಹಿಂದೆ ಬಿದ್ದು ನೂಲಿಗೇ ಬರ ಬಂತು, ಅಲ್ಲಿಂದ ಮುಂದೆ ನೂಲೋ ಮಿಷಿನ್ನುಗಳು ಬಂದ್ವು.

ಈಗ ಚಿನ್ನು ಪ್ರಶ್ನೆಗೆ ಉತ್ತರ. ಸ್ವೆಟರು ಒಂದೇ ದಾರ, ಕುಣಿಕೆಯೊಳಗೆ ಕುಣಿಕೆ ಹಾಕಿ ಹೆಣೆದಿದ್ದು, ಒಂದು ಕುಣಿಕೆ ಜಾರಿದ್ರೆ ಅದನ್ನ ಹಿಡ್ಕೊಂಡಿದ್ದ ಇನ್ನೊಂದೂ ಜಾರುತ್ತೆ, ಹಂಗೇ ತೋಳು ಪೂರ್ತಿ. ಬನಿಯನ್, ಟೀ ಶರ್ಟೂ ಹೆಣಿಗೇನೇ, ಅದಕ್ಕೇ ಎಳೆದ್ರೆ ಹಿಗ್ಗುತ್ತೆ, ಕುಣಿಕೆಗಳಿಗೆ ಜಾಗ ಇರುತ್ತಲ್ಲ. ಶರ್ಟಿನ ಬಟ್ಟೇಲಿ ಸಾವಿರಾರು ಬೇರೆ ಬೇರೆ ಎಳೆ, ಇಂಚಿಗೆ 60 ಎಳೆ ಹಿಡಿದ್ರೂ 48 ಇಂಚು ಪನ್ನಕ್ಕೆ (ಬಟ್ಟೆ ಅಗಲಕ್ಕೆ) 2880 ಹಾಸಿನ ಎಳೆ, ಒಂದೊಂದನ್ನೂ ಎಷ್ಟೋ ಹೊಕ್ಕಿನ ಎಳೆ ಮೇಲೆ ಕೆಳಗೆ ಅದುಮಿ ಹಿಡಿದಿರ್ತವೆ. ಒಂದನ್ನ ಎಳೆದ್ರೆ ಉಳಿದೋರು ಬಿಡಲ್ಲ. ಅಜ್ಜಿ ಒಂದು ಕರ್ಚೀಫ್ ಕೊಟ್ಟು ಉದ್ದಕ್ಕೆ ಎಳೀರಿ ಅಂದ್ರು, ಹಿಗ್ಗಲಿಲ್ಲ. ಅಗಲಕ್ಕೆ, ಹಿಗ್ಗಲಿಲ್ಲ. ಮೂಲೆಯಿಂದ ಮೂಲೆಗೆ ಎಳೀರಿ ಅಂದ್ರು, ಹಿಗ್ತು! ಚೌಕದ ಮನೆಗಳು ಓರೆ ಆಗಿ ವಾಲ್ತವೆ ಅಷ್ಟೇ. ನೀವೂ ಮಾಡಿ ನೋಡಿ.

ನಂಗೆ ಮರೆಯಕ್ಕಾಗದೆ ಇರೋದು ಬೇರೆ. ಒಂದು ಹಾಸು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೇನೂ ಹಳೇ ಹಾಸಿನ ತುದಿಗೆ ಕೂಡಿಸಬೇಕು, ಸಾವಿರಾರು ಎಳೆ, ಕೈಯಲ್ಲೇ. ಇದಕ್ಕೆ ಕೆಚ್ಚೋದು ಅಂತಾರೆ. ಅಜ್ಜಿ ಬೆರಳಿಗೆ ಬೂದಿ ಹಚ್ಕೊಂಡು ಎರಡು ತುದಿ ಸೇರಿಸಿ ಹುರಿ ತಿರುಗಿಸಿ ಹಿಂದಕ್ಕೆ ಮಡಿಸಿಬಿಡ್ತಾರೆ, ಗಂಟು ಹಾಕಲ್ಲ, ಗಂಟಾದ್ರೆ ಮಗ್ಗದಲ್ಲಿ ಸಿಕ್ಕೊಳ್ಳುತ್ತೆ. ನಮ್ಮವ್ವ ಹತ್ತಿರ ಕೂತು ನೋಡ್ತಾ ನೋಡ್ತಾ, "ನಾನೂ ಒಂದು ಮಾಡ್ಲಾ?" ಅಂದ್ಲು. ಮಾಡಿದ್ಲು, ನಿಂತ್ಕೊಂತು. ಬತ್ತಿ ಹೊಸೆದ ಕೈ ಅಲ್ವಾ. ಇಬ್ಬರು ಅಜ್ಜಿಯರೂ ಒಂದರ್ಧ ಗಂಟೆ ಎಳೆ ಕೆಚ್ತಾ ಸೊಸೆಯಂದಿರ ಬಗ್ಗೆ ಮಾತಾಡಿದ್ರು, ಒಬ್ಬರು ತೆಲುಗಲ್ಲಿ ಒಬ್ಬರು ಕನ್ನಡದಲ್ಲಿ, ಯಾರಿಗೂ ತೊಂದರೆ ಆಗಲಿಲ್ಲ.

ಪುಟ್ಟಿಗೆ ನಾಲ್ಕು ಸಲ ಲಾಳಿ ಹೊಡೆಯಕ್ಕೆ ಬಿಟ್ರು. ಮೂರನೇದ್ರಲ್ಲಿ ಕಾಲ್ಮಣೆ ಬದಲಾಯಿಸದೇ ಹಗ್ಗ ಜಗ್ಗಿದ್ಲು, ಬಟ್ಟೇಲಿ ಜೋಡಿ ಎಳೆ ಗೀಟು ಬಂತು. ಅಜ್ಜ ಬೈತಾರೇನೋ ಅಂತ ಹೆದರಿದ್ವಿ, ಅವರು ಸುಮ್ನೆ ಮೂರು ಎಳೆ ಹಿಂದಕ್ಕೆ ತೆಗೆದು ಮತ್ತೆ ಹಾಕಿದ್ರು. ನಿಮ್ಮ ಮಕ್ಕಳು ನೇಯ್ತಾರಾ ಅಂತ ನಾನು ಕೇಳಿದೆ, ಕೇಳಬಾರದಿತ್ತು. ಒಬ್ಬ ಬೆಂಗಳೂರು, ಒಬ್ಬ ಹೈದರಾಬಾದು. ಆಗಸ್ಟ್ 7ಕ್ಕೆ ಕೈಮಗ್ಗ ದಿನ ಮಾಡ್ತಾರೆ, ಅವತ್ತು ಶಾಲು ಹೊದಿಸಿ ಫೋಟೋ ತೆಗೀತಾರೆ, ಶಾಲು ಪವರ್‌ಲೂಮ್‌ದು ಅಂದು ಅಜ್ಜ ಜೋರಾಗಿ ನಕ್ಕರು.

ಸಂಜೆ ಮಂತ್ರಾಲಯ. ದರ್ಶನ, ಪರಿಮಳ ಪ್ರಸಾದ, ತುಂಗಭದ್ರೇಲಿ ಕಾಲು ತೊಳೆದ್ವಿ, ಅವ್ವಂಗೆ ಟ್ರಿಪ್ ಸಾರ್ಥಕ. ರಾತ್ರಿ ರೂಮಿನ ವರಾಂಡದಲ್ಲಿ ಅವ್ವನ ಹಣತೆ ಮುಂದೆ ಇನ್ನೊಂದು ಪಾಠ, ಮಕ್ಕಳೇ, ಇದನ್ನ ದೊಡ್ಡೋರು ಇಲ್ದೆ ಮಾಡಬೇಡಿ. ಇಕ್ಕಳದಲ್ಲಿ ಒಂದೊಂದು ಎಳೆ ಹಿಡಿದು ಸುಟ್ಟು ನೋಡಿದ್ವಿ. ಹತ್ತಿ ಎಳೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಅವ್ವನ ಮೊಳಕಾಲ್ಮೂರು ಸೀರೆ ಕುಚ್ಚಿನ ರೇಷ್ಮೆ ಎಳೆ ಕೂದಲು ಸುಟ್ಟ ವಾಸನೆ, ಎರಡೂ ಪ್ರಾಣಿ ಮೈಯಿಂದ ಬಂದಿದ್ದೇ ಅಲ್ವಾ. ಚಿನ್ನು ಯೂನಿಫಾರ್ಮಿಂದು ಪಾಲಿಸ್ಟರ್ ಬೆರೆತಿದ್ದು, ಕರಗಿ ಗಟ್ಟಿ ಮಣಿಯಾಯ್ತು, ಪ್ಲಾಸ್ಟಿಕ್. ಪೆಟ್ರೋಲಿಯಮ್ಮಿಂದ ಮಾಡಿದ್ದನ್ನ ಕರಗಿಸಿ ಸಣ್ಣ ಸಣ್ಣ ತೂತಿಂದ ಒತ್ತಿ ಎಳೆ ತೆಗೀತಾರೆ, ಶಾವಿಗೆ ಒತ್ತಿದಂಗೆ. ರೇಷ್ಮೆ ಹುಳಾನೂ ಅದೇ ಕೆಲ್ಸಾನ ಬಾಯಲ್ಲಿ ಮಾಡುತ್ತೆ, ಒಂದು ಗೂಡಲ್ಲಿ ಹೆಚ್ಚುಕಮ್ಮಿ ಕಿಲೋಮೀಟರ್ ಉದ್ದದ ಒಂದೇ ಎಳೆ. "ಹಂಗಾದ್ರೆ ಹತ್ತಿಗೆ ಮಾತ್ರ ಇಷ್ಟು ಕಷ್ಟ" ಅಂದ್ಲು ಪುಟ್ಟಿ. ಹೌದು, ಇಂಚುದ್ದ ಹುಟ್ಟಿರುತ್ತಲ್ಲ ಪಾಪ.

ನಾಲ್ಕನೇ ದಿನ: ವಾಪಸ್ ರಾಯದುರ್ಗ

ಬಸ್ಸು, ಬಸ್ಸು, ಬಸ್ಸು. ಚಿನ್ನು ಎರಡು ಸಲ ವಾಂತಿ ಮಾಡಿದ. ಹೇಳೋಂಥದ್ದು ಏನೂ ಇಲ್ಲ.

ಮನೆಗೆ ಬಂದ್ಮೇಲೆ ಸಂಜೆ ಪಕ್ಕದ ಮನೆ ಅಕ್ಕನ ಹತ್ತಿರ ಹೋದ್ವಿ, ಅವರು ಜೀನ್ಸ್ ಪೀಸ್ ರೇಟಿಗೆ ಹೊಲೀತಾರೆ, ಒಬ್ಬರು ಜೇಬು, ಒಬ್ಬರು ಜಿಪ್ಪು, ಒಬ್ಬರು ಸೊಂಟಪಟ್ಟಿ. ದಿನಾ ನೋಡೋ ಬಟ್ಟೆ ಅವತ್ತು ಬೇರೆ ಥರ ಕಂಡಿತು. ಡೆನಿಮ್ಮಲ್ಲಿ ಹಾಸಿನ ಎಳೆಗೆ ಮಾತ್ರ ನೀಲಿ, ಹೊಕ್ಕು ಬಿಳಿ. ಲಾಳಿ ಎಳೆ ಒಂದರ ಮೇಲೆ ಒಂದರ ಕೆಳಗೆ ಹೋಗಲ್ಲ, ಮೂರು ಹಾಸಿನ ಕೆಳಗೆ ನುಸುಳಿ ಒಂದರ ಮೇಲೆ ಬರುತ್ತೆ, ಪ್ರತಿ ಸಾಲಲ್ಲೂ ಒಂದು ಮನೆ ಪಕ್ಕಕ್ಕೆ ಸರೀತಾ ಹೋಗುತ್ತೆ, ಅದಕ್ಕೇ ಜೀನ್ಸ್ ಮೇಲೆ ಓರೆ ಗೆರೆ, ಅದಕ್ಕೇ ಹೊರಗೆ ನೀಲಿ ಒಳಗೆ ಬಿಳಿ. ಆ ನೀಲೀನೂ ಎಳೆಯ ಹೊರಮೈಗೆ ಅಷ್ಟೇ, ನಡುವೆ ಬೆಳ್ಳಗೇ ಇರುತ್ತೆ. ನೀಲಿ ತೊಟ್ಟೀಲಿ ಅದ್ದಿದಾಗ ಹಸಿರು ಹಳದಿ ಇದ್ದು ಗಾಳಿಗೆ ತೆಗೆದ್ಮೇಲೆ ನೀಲಿ ಆಗೋ ಬಣ್ಣ ಅದು, ಹಾಕ್ಕೊಂಡು ಹಾಕ್ಕೊಂಡು ಮೇಲಿನ ಪದರ ಸವೆದಂಗೆ ಮಂಡಿ ಹತ್ರ ಬೆಳ್ಳಗಾಗುತ್ತೆ. ಹುಡುಗ್ರು ಹರಿದ ಜೀನ್ಸ್ ಅಂತ ದುಡ್ಡು ಕೊಟ್ಟು ತಗೋತಾರಲ್ಲ, ಆ ಹರಿದ ಜಾಗದಲ್ಲಿ ಬಿಳಿ ದಾರ ಅಡ್ಡಡ್ಡ ಜೋತಾಡ್ತಿರುತ್ತೆ, ಅದು ಹೊಕ್ಕು, ನೀಲಿ ಹಾಸು ಹೋಗಿ ಹೊಕ್ಕು ಉಳಿದಿರೋದು. ಇದನ್ನ ಪುಟ್ಟಿನೇ ಕಂಡುಹಿಡಿದ್ಲು, ಹೊಲೀತಿದ್ದ ಅಕ್ಕ ಮಿಷಿನ್ ನಿಲ್ಲಿಸಿ "ಹೌದಲ್ಲೇ!" ಅಂದ್ರು, ಹತ್ತು ವರ್ಷದಿಂದ ಜೀನ್ಸ್ ಹೊಲೀತಿರೋರು.

ಕತ್ತರಿಸಿ ಉಳಿದ ಚೂರು ಒಂದು ಚೀಲ ಕೊಟ್ರು. ಮನೆಗೆ ತಂದು ಇಬ್ಬರೂ ಬಿಚ್ಚಕ್ಕೆ ಕೂತ್ರು, ಒಂದೊಂದೇ ಬಿಳಿ ಎಳೆ ಎಳೆದು ಎಳೆದು. ಸ್ವಲ್ಪ ಹೊತ್ತಾದ್ಮೇಲೆ ಚಿನ್ನು ಒಂದು ಎಳೆ ಹಿಡಿದು ಹುರಿ ಇರೋ ದಿಕ್ಕಿಗೆ ಉಲ್ಟಾ ತಿರುಗಿಸ್ತಾ ಇದ್ದ, ನಾಲಿಗೆ ಹೊರಗೆ ಹಾಕ್ಕೊಂಡು, ಪೂರ್ತಿ ಗಮನ ಅದರ ಮೇಲೆ. ಎಳೆ ಸಡಿಲ ಆಯ್ತು, ಇನ್ನೂ ತಿರುಗಿಸಿದ, ಉಬ್ಬಿಕೊಂತು, ಮೆಲ್ಲಗೆ ಎಳೆದ, ಕಿತ್ತು ಬಂತು, ಬೆರಳಲ್ಲಿ ಒಂದು ಚಿಟಿಕೆ ಮೆತ್ತನೆ ಹತ್ತಿ.

"ಅತ್ತೇ! ತಾತನ ಹೊಲದ್ದು!"

ಅಲ್ಲಿಂದ ಮಲಗೋ ತನಕ ಅದೇ ಕೆಲಸ. ಬೆಳಿಗ್ಗೆ ಎದ್ದು ನಮ್ಮವ್ವ ಕಸ ಗುಡಿಸಕ್ಕೆ ಹೋದ್ರೆ ಪೊರಕೆಗೆ ಗೇಣುದ್ದ ಬಿಳಿ ದಾರ, ನೀಲಿ ದಾರ ಎಲ್ಲಾ ಸುತ್ಕೊಂಡು ಒಂದು ಕಡ್ಡೀನೂ ಅಲ್ಲಾಡ್ತಿಲ್ಲ. ಪೊರಕೇನ ತಂದು ನನ್ನ ಮುಂದೆ ಹಾಕಿ, "ನಿಂದೇ ಟ್ರಿಪ್ಪು, ನೀನೇ ಬಿಚ್ಚು" ಅಂದು ಹೋದ್ಲು.